ಸದ್ದಿಲ್ಲ ಅಂತಾನೇ ತಗೊಂಡ ಕಾರಿಗೆ ಮತ್ತೆ ಸದ್ದು ಹಾಕ್ಸೋದು ಯಾಕೆ?

ಪ್ರಶ್ನೆ: ಹೋದ ವರ್ಷ ಎಲೆಕ್ಟ್ರಿಕ್ ಕಾರ್ ತಗೊಂಡ್ವಿ. ತಗೊಂಡಿದ್ದೇ ಹೊಗೆ ಇಲ್ಲ, ಸದ್ದಿಲ್ಲ ಅಂತ. ಈಗ ನೋಡಿದ್ರೆ ಇಂಥ ಕಾರಿಗೆಲ್ಲ ಸ್ಪೀಕರ್ ಹಾಕಿ ಸುಳ್ಳು ಸದ್ದು ಮಾಡ್ಸಬೇಕು ಅಂತ ರೂಲ್ ಬರ್ತಿದೆಯಂತೆ. ಹಾರ್ನ್ ಇದೆಯಲ್ಲ ಸಾರ್, ಇದೆಲ್ಲಾ ಬೇಕಾ?

ಬೇಕು. ನಂಗೂ ಮೊದಲು ನಿಮ್ಮ ಹಾಗೇ ಅನ್ನಿಸ್ತಿತ್ತು, ಆಮೇಲೆ ಒಂದಿನ ಬೆಳಿಗ್ಗೆ ನಮ್ಮ ಅಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲಿ ಅಮ್ಮ ಹಾಲಿನ ಪ್ಯಾಕೆಟ್ ಹಿಡ್ಕೊಂಡು ಎರಡು ಕಾರಿನ ಸಂದೀಲಿ ಬರ್ತಿದ್ರು, ಪಕ್ಕದ ಸಾಲಿಂದ ಒಂದು ಎಲೆಕ್ಟ್ರಿಕ್ ಕಾರು ರಿವರ್ಸ್ ಬಂದು ಅವರ ಸೆರಗಿಗೆ ತಾಗೋ ಹಾಗೆ ನಿಂತ್ಕೊಳ್ತು. ಏನೂ ಆಗ್ಲಿಲ್ಲ ಪುಣ್ಯಕ್ಕೆ. ಮೇಲೆ ಬಂದು ಅಮ್ಮ ಹೇಳಿದ್ದು ಇಷ್ಟೇ, "ಬಂದಿದ್ದೇ ಗೊತ್ತಾಗ್ಲಿಲ್ಲ ಕಣೋ, ಬೆಕ್ಕು ಬಂದ ಹಾಗೆ ಬಂತು."

ನಿಮ್ಮ ಹಾರ್ನ್ ವಿಷಯ ಮೊದಲು ಮುಗಿಸ್ಬಿಡೋಣ. ಹಾರ್ನ್ ಹೊಡಿಬೇಕು ಅಂದ್ರೆ ಡ್ರೈವರ್ ನಿಮ್ಮನ್ನ ನೋಡಿರಬೇಕು ತಾನೇ? ಆವತ್ತು ಅವನು ಅಮ್ಮನ್ನ ನೋಡಿದ್ರೆ ಬ್ರೇಕೇ ಹಾಕ್ತಿದ್ದ, ಹಾರ್ನ್ ಯಾಕೆ. ಅಪಾಯ ಇರೋದೇ ಅವನು ನೋಡದೇ ಇದ್ದಾಗ. ಪೆಟ್ರೋಲ್ ಕಾರಲ್ಲಿ ಡ್ರೈವರ್ ಏನೂ ಮಾಡದೇ ಇದ್ರೂ ಇಂಜಿನ್ ತಾನಾಗೇ ಹೇಳ್ತಿರತ್ತೆ, ಇಲ್ಲೊಂದು ಗಾಡಿ ಇದೆ, ಹೊರಟಿದೆ, ನಿಂತಿದೆ ಅಂತ. ನಾವು ಅದನ್ನ ಕೇಳಿಸ್ಕೊಂಡೇ ನಡೀತಿದ್ವಿ, ಕೇಳಿಸ್ಕೊಳ್ತಿದೀವಿ ಅನ್ನೋದು ಗೊತ್ತಿಲ್ಲದೇನೇ.

ಇನ್ನೊಂದು ತಪ್ಪು ಕಲ್ಪನೆ, ಕಾರು ಓಡ್ತಿರೋ ಅಷ್ಟು ಹೊತ್ತೂ ಈ ಸದ್ದು ಕೂಗ್ತಿರತ್ತೆ ಅನ್ನೋದು. ಹಾಗಿಲ್ಲ. ಸ್ಪೀಡ್ ಜಾಸ್ತಿ ಆದ್ಮೇಲೆ ಯಾವ ಕಾರೇ ಆಗ್ಲಿ ಟೈರು ರಸ್ತೆಗೆ ಉಜ್ಜೋ ಸದ್ದೇ ಇಂಜಿನ್ ಸದ್ದನ್ನ ನುಂಗ್ಬಿಡತ್ತೆ, ಎಲೆಕ್ಟ್ರಿಕ್ಕೂ ಆಗ ಸೈಲೆಂಟ್ ಅಲ್ಲ. ಅದಕ್ಕೇ ವಿಶ್ವಸಂಸ್ಥೆಯ 138ನೇ ವಾಹನ ನಿಯಮ, ಬಹಳ ದೇಶಗಳು ಇದನ್ನೇ ಇಟ್ಕೊಂಡಿರೋದು, ಗಂಟೆಗೆ 20 ಕಿ.ಮೀ. ತನಕ ಮತ್ತೆ ರಿವರ್ಸ್ ಹೋಗುವಾಗ ಮಾತ್ರ ಸದ್ದು ಇರಬೇಕು ಅನ್ನತ್ತೆ. ಅಮೆರಿಕದಲ್ಲಿ ಸುಮಾರು 30 ಕಿ.ಮೀ. ತನಕ, ಅಲ್ಲಿ ಸಿಗ್ನಲಲ್ಲಿ ನಿಂತಾಗ್ಲೂ ಸದ್ದು ಇರಬೇಕು. ಅಂದ್ರೆ ಹೈವೇಲಿ ನಿಮ್ಮ ಸುಖಕ್ಕೆ ಯಾರೂ ಅಡ್ಡ ಬರಲ್ಲ, ಬೇಸ್‌ಮೆಂಟು, ಸ್ಕೂಲ್ ಗೇಟು, ದೇವಸ್ಥಾನದ ಮುಂದೆ, ಇಂಥ ಕಡೆ ಮಾತ್ರ.

ಎಷ್ಟು ಸದ್ದು? ವಿಶ್ವಸಂಸ್ಥೆ ನಿಯಮದ ಪ್ರಕಾರ ಕಾರಿಂದ 2 ಮೀಟರ್ ದೂರದಲ್ಲಿ ಅಳೆದ್ರೆ 10 ಕಿ.ಮೀ. ಸ್ಪೀಡಲ್ಲಿ ಕನಿಷ್ಠ 50 ಡೆಸಿಬೆಲ್, 20ರಲ್ಲಿ 56, ರಿವರ್ಸಲ್ಲಿ 47. ಇಬ್ರು ಎದುರಾಬದುರು ಕೂತು ಮಾತಾಡಿದ್ರೆ ಹತ್ರ ಹತ್ರ 60 ಬರತ್ತೆ, ಲೆಕ್ಕ ಹಾಕಿ. ದೂರ ಎರಡು ಪಟ್ಟಾದಾಗೆಲ್ಲ ಬಯಲಲ್ಲಿ ಸುಮಾರು 6 ಡೆಸಿಬೆಲ್ ಇಳಿಯತ್ತೆ, ಹಾಗಾಗಿ 56 ಇದ್ದಿದ್ದು 8 ಮೀಟರ್ ದೂರಕ್ಕೆ 44 ಆಗ್ಬಿಡತ್ತೆ. ನಮ್ಮ ದೇಶದಲ್ಲಿ ವಸತಿ ಏರಿಯಾಗೆ ರಾತ್ರಿ ಮಿತಿ 45. ಮೂರನೇ ಮಹಡೀಲಿ ಮಲಗಿರೋರಿಗೆ ನಿದ್ದೆ ಕೆಡಿಸೋದು ಇದಲ್ಲ, ಸೈಲೆನ್ಸರ್ ಬದಲಾಯಿಸ್ಕೊಂಡು ರಾತ್ರಿ ಹನ್ನೆರಡಕ್ಕೆ ಗುಡುಗಿಸ್ಕೊಂಡು ಹೋಗೋ ಬೈಕಿನೋನು. ಆದ್ರೆ ಒಂದು ತಕರಾರು ನಂದೂ ಇದೆ, ವಿಶ್ವಸಂಸ್ಥೆಯ ಇದೇ ನಿಯಮದಲ್ಲಿ ಮೇಲ್ಮಿತಿ 75 ಡೆಸಿಬೆಲ್, ಅದು ಜಾಸ್ತಿ ಆಯ್ತು.

ಇದು ಬರೀ ಊಹೆ ಮೇಲೆ ಮಾಡಿದ ರೂಲಾ ಅಂತ ಕೇಳ್ಬಹುದು. ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ 2016ರಲ್ಲಿ ನಿಯಮ ಮಾಡುವಾಗ ಹೇಳಿದ್ದು, ಹೈಬ್ರಿಡ್ ಕಾರು (ಇಂಜಿನ್ನೂ ಬ್ಯಾಟರಿ ಮೋಟರೂ ಎರಡೂ ಇರೋದು) ಪಾದಚಾರಿಗೆ ಗುದ್ದೋ ಸಾಧ್ಯತೆ ಮಾಮೂಲಿ ಕಾರಿಗಿಂತ 19 ಪರ್ಸೆಂಟ್ ಜಾಸ್ತಿ, ಸದ್ದು ಹಾಕಿದ್ರೆ ವರ್ಷಕ್ಕೆ ಸುಮಾರು 2,400 ಜನ ಗಾಯ ಆಗೋದು ತಪ್ಪತ್ತೆ ಅಂತ. ಬ್ರಿಟನ್ನಲ್ಲಿ 2013ರಿಂದ 2017ರ ಅಪಘಾತದ ದಾಖಲೆ ಇಟ್ಕೊಂಡು ಮಾಡಿದ ಅಧ್ಯಯನ 2024ರಲ್ಲಿ ಬಂತು, ಓಡಿದ ಮೈಲಿ ಲೆಕ್ಕದಲ್ಲಿ ನೋಡಿದ್ರೆ ಎಲೆಕ್ಟ್ರಿಕ್ ಮತ್ತೆ ಹೈಬ್ರಿಡ್ ಗಾಡಿಗಳು ಪಾದಚಾರಿಗಳಿಗೆ ಗುದ್ದಿದ್ದು ಪೆಟ್ರೋಲ್ ಡೀಸೆಲ್ ಗಾಡಿಗಳ ಎರಡರಷ್ಟು, ಅದೂ ಊರೊಳಗಿನ ರಸ್ತೆಗಳಲ್ಲೇ ಜಾಸ್ತಿ. ಇದನ್ನ ಓದಿ ಎಲ್ಲಾ ತಪ್ಪೂ ಸೈಲೆಂಟ್ ಮೋಟರ್‌ದು ಅನ್ನೋಕಾಗಲ್ಲ, ಈ ಕಾರುಗಳು ಪಿಕಪ್ಪಲ್ಲೂ ಜೋರು. ಆದ್ರೂ ಎರಡು ಪಟ್ಟು ಅನ್ನೋದು ತಳ್ಳಿಹಾಕೋ ಸಂಖ್ಯೆ ಅಲ್ಲ.

ಇದಕ್ಕಾಗಿ ಮೊದಲಿಂದ ಕೂಗಾಡಿದ್ದು ಕಣ್ಣು ಕಾಣದವರು. ಅಮೆರಿಕದ ಅಂಧರ ರಾಷ್ಟ್ರೀಯ ಒಕ್ಕೂಟ ಬೆನ್ನು ಹತ್ತಿದ್ರಿಂದಾನೇ ಅಲ್ಲಿ ಕಾನೂನು ಪಾಸಾಗಿ 2011ರ ಜನವರೀಲಿ ಒಬಾಮಾ ಸಹಿ ಬಿತ್ತು. ಬಿಳಿ ಕೋಲು ಹಿಡಿದು ರಸ್ತೆ ದಾಟೋರಿಗೆ ಗಾಡಿ ಇದೆಯೋ ಇಲ್ವೋ ಅನ್ನೋದಷ್ಟೇ ಸಾಲಲ್ಲ, ಯಾವ ಕಡೆಯಿಂದ ಬರ್ತಿದೆ, ನಿಧಾನ ಆಗ್ತಿದೆಯಾ ಜೋರಾಗ್ತಿದೆಯಾ, ಎಲ್ಲಾ ಕಿವಿಯಿಂದಲೇ ತಿಳ್ಕೋಬೇಕು. ಅದಕ್ಕೇ ಸುಮ್ನೆ ಬೀಪ್ ಬೀಪ್ ಅಂದ್ರೆ ಆಗಲ್ಲ. ಒಂದೇ ಸ್ವರದ ಬೀಪ್ ಎಲ್ಲಿಂದ ಬರ್ತಿದೆ ಅಂತ ಕಿವಿ ಹಿಡಿಯೋದು ಕಷ್ಟ (ಮನೇಲಿ ಎಲ್ಲೋ ಒಂದು ಕಡೆ ಬೀಪ್ ಬರ್ತಿದ್ದಾಗ ಎಲ್ಲಾ ರೂಮು ಹುಡುಕಿದ್ದು ನೆನಪಿದೆಯಾ), ಬೇರೆ ಬೇರೆ ಫ್ರೀಕ್ವೆನ್ಸಿ ಕಲೆತ ಬುಸ್ ಅನ್ನೋ ಸದ್ದು ಆದ್ರೆ ಬೇಗ ಹಿಡಿಯತ್ತೆ. ವಯಸ್ಸಾದೋರಿಗೆ ಕೀರಲು ಸದ್ದು ಕೇಳಿಸೋದು ಕಮ್ಮಿ ಅಂತ, ಸದ್ದಿನ ಒಂದು ಭಾಗ ಆದ್ರೂ 1,600 ಹರ್ಟ್ಸ್ ಆಸುಪಾಸಲ್ಲೋ ಅದಕ್ಕಿಂತ ಕೆಳಗೋ ಇರಬೇಕು, ಸ್ಪೀಡ್ ಏರಿದ ಹಾಗೆ ಶ್ರುತಿನೂ ಏರಬೇಕು ಅಂತ ವಿಶ್ವಸಂಸ್ಥೆ ನಿಯಮದಲ್ಲೇ ಇದೆ. ಜಾಗ್ವಾರ್‌ನವರು ತಮ್ಮ ಐ-ಪೇಸ್ ಕಾರಿಗೆ ಮೊದಲು ಆಕಾಶನೌಕೆ ಥರ ಸದ್ದು ಹಾಕಿ ನೋಡಿದ್ರಂತೆ, ಜನ ರಸ್ತೆ ಬಿಟ್ಟು ಮೇಲೆ ಆಕಾಶ ನೋಡೋಕೆ ಶುರು ಮಾಡಿದ್ರು, ಕೈಬಿಟ್ರು. ಟೆಸ್ಲಾದವರು ಹೊರಗಿನ ಸ್ಪೀಕರಲ್ಲಿ ಓನರ್‌ಗೆ ಇಷ್ಟ ಬಂದ ಸದ್ದು ಹಾಕೋ ಸೌಲಭ್ಯ ಕೊಟ್ರು, ಎಚ್ಚರಿಕೆ ಸದ್ದೇ ಮುಚ್ಚಿಹೋಗತ್ತೆ ಅಂತ 2022ರಲ್ಲಿ 5.78 ಲಕ್ಷ ಕಾರಿಗೆ ರಿಕಾಲ್ ಆಯ್ತು. ಇಲ್ಲಿ ಅಂಥದ್ದಕ್ಕೆ ಅವಕಾಶ ಕೊಟ್ರೆ ಏನೇನು ಹಾಡು ಹಾಕ್ತಾರೋ ದೇವರೇ ಬಲ್ಲ.

ಇನ್ನು ನಮ್ಮಲ್ಲಿ. 2001ರಲ್ಲೇ ರೇವಾ ಅನ್ನೋ ಎಲೆಕ್ಟ್ರಿಕ್ ಕಾರು ಬಿಟ್ಟ ಊರು ಬೆಂಗಳೂರು, ಆಗ ಅಲ್ಲೊಂದು ಇಲ್ಲೊಂದು ಓಡ್ತಿತ್ತು, ಯಾರೂ ತಲೆ ಕೆಡಿಸ್ಕೊಳ್ಳಲಿಲ್ಲ. ಈಗ ಬಿಎಂಟಿಸಿ ಬಸ್ಸೇ ಬ್ಯಾಟರೀಲಿ ಬಂದು ಪಕ್ಕದಲ್ಲಿ ನಿಲ್ಲತ್ತೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2025ರ ಸೆಪ್ಟೆಂಬರಲ್ಲಿ ಕರಡು ಹೊರಡಿಸ್ತು, ಹೊಸ ಮಾಡೆಲ್ ಎಲೆಕ್ಟ್ರಿಕ್ ಕಾರು, ಬಸ್ಸು, ಲಾರಿಗೆ 2026ರ ಅಕ್ಟೋಬರ್ 1ರಿಂದ, ಈಗಾಗ್ಲೇ ಇರೋ ಮಾಡೆಲ್‌ಗಳಿಗೆ 2027ರ ಅಕ್ಟೋಬರ್ 1ರಿಂದ ಎಐಎಸ್-173 ಅನ್ನೋ ನಮ್ಮ ದೇಶದ ವಾಹನ ಮಾನದಂಡದ ಪ್ರಕಾರ ಸದ್ದು ಇರಬೇಕು ಅಂತ. ನೋಡಿ, ಪಟ್ಟೀಲಿ ಸ್ಕೂಟರ್ ಇಲ್ಲ, ಆಟೋ ಇಲ್ಲ. ನಾಲ್ಕು ಚಕ್ರಕ್ಕಿಂತ ಎರಡು ಮೂರು ಚಕ್ರವೇ ಜಾಸ್ತಿ ಇರೋ ದೇಶ ನಮ್ಮದು, ಸಂದೀಲಿ ರಾಂಗ್ ಸೈಡಲ್ಲಿ, ಫುಟ್‌ಪಾತ್ ಮೇಲೆ ಸದ್ದಿಲ್ಲದೆ ಹಿಂದಿಂದ ಬರೋದು ಡೆಲಿವರಿ ಸ್ಕೂಟರ್. ಅದನ್ನ ಬಿಟ್ಟು ಮಾಡಿದ ರೂಲು ಅರ್ಧ ರೂಲು ಅಂತ್ಲೇ ನನ್ನ ಲೆಕ್ಕ.

ಕೆ.ಆರ್. ಮಾರ್ಕೆಟ್ ಗದ್ದಲದಲ್ಲಿ 56 ಡೆಸಿಬೆಲ್ ಯಾರಿಗೆ ಕೇಳ್ಸತ್ತೆ ಅಂತ ನೀವು ಕೇಳಿದ್ರೆ, ಯಾರಿಗೂ ಇಲ್ಲ. ಆದ್ರೆ ಅಲ್ಲಿ ಪೆಟ್ರೋಲ್ ಕಾರೂ ಕೇಳಲ್ಲ, ಅಲ್ಲಿ ಎಲ್ರೂ ಕಣ್ಣು ಬಿಟ್ಕೊಂಡೇ ನಡೀತಾರೆ. ಮೋಸ ಆಗೋದು ನಿಶ್ಶಬ್ದವಾಗಿರೋ ಜಾಗದಲ್ಲಿ, ಏನೂ ಕೇಳಿಸ್ತಿಲ್ಲ ಅಂದ್ರೆ ಏನೂ ಬರ್ತಿಲ್ಲ ಅಂತ ನಂಬ್ಕೊಂಡು ಕಾಲಿಡೋ ಕಡೆ.

ಅಂದಹಾಗೆ ನಿಮ್ಮ ಕಾರಲ್ಲಿ ಇದು ಆಗ್ಲೇ ಇದ್ರೂ ಇರಬಹುದು, ಈಗ ಮಾರ್ತಿರೋ ಕೆಲವು ಮಾಡೆಲಲ್ಲಿ ಇದೆ, ಒಳಗೆ ಕೂತೋರಿಗೆ ಸರಿಯಾಗಿ ಕೇಳಲ್ಲ ಅಷ್ಟೇ. ಮನೆಯವರಿಗೆ ನಿಧಾನಕ್ಕೆ ಓಡ್ಸೋಕೆ ಹೇಳಿ, ನೀವು ಕೆಳಗಿಳಿದು ಗೇಟ್ ಹತ್ರ ಕಣ್ಣು ಮುಚ್ಕೊಂಡು ನಿಂತ್ಕೊಳ್ಳಿ, ಗೊತ್ತಾಗತ್ತೆ.