ರೀತಿಯಿದೆ, ನೀತಿಯಿಲ್ಲ: ಮನುಷ್ಯರ ಶಿಕಾರಿಯ ಕಥೆಗೊಂದು ಅಧ್ಯಯನ ಟಿಪ್ಪಣಿ

ರಿಚರ್ಡ್ ಕಾನೆಲ್ ಬರೆದ ‘ದ ಮೋಸ್ಟ್ ಡೇಂಜರಸ್ ಗೇಮ್’ 1924ರ ಜನವರಿಯಲ್ಲಿ ಅಮೆರಿಕದ ‘ಕಾಲಿಯರ್ಸ್’ ವಾರಪತ್ರಿಕೆಯಲ್ಲಿ ಬಂದ ಕಥೆ. ಒಂದೇ ಸಲಕ್ಕೆ ಕೂತು ಓದಿ ಮುಗಿಸಬಹುದು. ಓದಿದವರ ನೆನಪಿನಲ್ಲಿ ಉಳಿಯುವುದು ನಾಯಿಗಳು, ಹೊಂಡ, ಚೂರಿ. ಆದರೆ ಪ್ರಶ್ನೆಪತ್ರಿಕೆ ಕೇಳುವುದು ನೀತಿಯ ಬಗ್ಗೆ, ಸಮಾಜದ ಜೊತೆ ಹೊಂದಿಕೊಂಡು ನಡೆಯುವ ಗುಣದ ಬಗ್ಗೆ. ಶಿರಸಿ, ಕುಮಟಾ, ಕಾರವಾರದ ಕಡೆ ಕೂತು ಈ ಕಥೆ ಓದುವವರಿಗೆ ಇದನ್ನು ಬಿಡಿಸಲು ಬೇಕಾದ ಸಾಮಗ್ರಿ ಮನೆಯ ಹತ್ತಿರವೇ ಇದೆ.

ಮೊದಲು ಹೆಸರು. ಇಂಗ್ಲಿಷಿನ ‘ಗೇಮ್’ ಎಂದರೆ ಆಟವೂ ಹೌದು, ಶಿಕಾರಿಯ ಪ್ರಾಣಿಯೂ ಹೌದು. ‘ಅತ್ಯಂತ ಅಪಾಯಕಾರಿ ಆಟ’ ಎಂದು ಬರೆದರೆ ಅರ್ಧ ಅರ್ಥ ಸೋರಿಹೋಗುತ್ತದೆ. ನಮ್ಮಲ್ಲಿ ಎರಡನೆಯ ಅರ್ಥಕ್ಕೆ ‘ಮಿಕ’ ಎಂಬ ಮಾತಿದೆ. ಉತ್ತರದ ಆರಂಭದಲ್ಲೇ ‘ಆಟವೂ ಮಿಕವೂ’ ಎಂದು ಎರಡನ್ನೂ ಹೇಳಿಬಿಡಿ.

ಕಥೆ ಇಷ್ಟು. ಹೆಸರುವಾಸಿ ಬೇಟೆಗಾರ ರೇನ್ಸ್‌ಫರ್ಡ್ ರಾತ್ರಿ ಹಡಗಿನಿಂದ ಕೆರಿಬಿಯನ್ ಸಮುದ್ರಕ್ಕೆ ಬಿದ್ದು, ಈಜಿ ಒಂದು ದ್ವೀಪ ಸೇರುತ್ತಾನೆ. ಅಲ್ಲಿ ಜನರಲ್ ಜರಾಫ್ ಎಂಬ ರಷ್ಯದ ಕೊಸಾಕ್ (ಕುದುರೆ ಸವಾರಿಗೆ, ಯುದ್ಧಕ್ಕೆ ಹೆಸರಾದ ಸಮುದಾಯ) ಶ್ರೀಮಂತನ ಬಂಗಲೆ. ಪ್ರಾಣಿಗಳನ್ನು ಬೇಟೆಯಾಡಿ ಬೇಸರ ಹಿಡಿದ ಅವನು, ಹಡಗು ಒಡೆದು ದಡ ಸೇರಿದ ನಾವಿಕರನ್ನು ಬೇಟೆಯಾಡುತ್ತಾನೆ. ಮಿಕಕ್ಕೆ ಊಟ, ಒಂದು ಒಳ್ಳೆಯ ಚೂರಿ, ಮೂರು ತಾಸಿನ ಮುಂಗಡ. ಅವನ ಕೈಯಲ್ಲಿ ಅತಿ ಸಣ್ಣ ಗುಂಡಿನ ಪಿಸ್ತೂಲು. ಮೂರು ದಿನ ಸಿಗದಿದ್ದರೆ ಮಿಕ ಗೆದ್ದಂತೆ. ‘ಆಡುವುದಿಲ್ಲ’ ಎಂದವನನ್ನು ಇವಾನ್ ಎಂಬ ಆಳಿನ ಕೈಗೆ ಒಪ್ಪಿಸಲಾಗುತ್ತದೆ. ರೇನ್ಸ್‌ಫರ್ಡ್ ತಾನೂ ಬೇಟೆಗೆ ಬರಲಾರೆನೆಂದಾಗ ಅವನೇ ಮಿಕವಾಗುತ್ತಾನೆ.

ಈಗ ಮುಖ್ಯ ಮಾತು. ಕನ್ನಡದಲ್ಲಿ ನಾವು ‘ರೀತಿ-ನೀತಿ’ ಎಂದು ಒಂದೇ ಉಸಿರಿಗೆ ಹೇಳುತ್ತೇವೆ. ಈ ಕಥೆ ಆ ಜೋಡಿಯನ್ನು ಸೀಳಿ ಬೇರೆ ಮಾಡುತ್ತದೆ. ಜರಾಫ್‌ನಲ್ಲಿ ರೀತಿ ತುಂಬಿ ತುಳುಕುತ್ತದೆ: ಬೆಳ್ಳಿಯ ಸಾಮಾನು, ಶುಭ್ರ ಮೇಜುವಸ್ತ್ರ, ಅತಿಥಿಗೆ ಲಂಡನ್ನಿನ ದರ್ಜಿ ಹೊಲಿದ ಉಡುಪು, ಕೊಟ್ಟ ಮಾತಿಗೆ ತಪ್ಪುವುದಿಲ್ಲ ಎಂಬ ಹೆಮ್ಮೆ. ರಾತ್ರಿ ಮನಸ್ಸಿನ ಸಮಾಧಾನಕ್ಕೆ ಅವನು ಓದುವುದು ಮಾರ್ಕಸ್ ಔರೇಲಿಯಸ್‌ನನ್ನು. ಮನುಷ್ಯರು ಹುಟ್ಟಿರುವುದೇ ಒಬ್ಬರಿಗೊಬ್ಬರು ನೆರವಾಗಲು ಎಂದು ಬರೆದ ರೋಮನ್ ಚಕ್ರವರ್ತಿ ಅವನು. ಪುಸ್ತಕ ಕಪಾಟಿನಲ್ಲಿದೆ, ಅದರ ಮಾತು ಬದುಕಿನಲ್ಲಿಲ್ಲ. ಆದ್ದರಿಂದ ‘ಜರಾಫ್ ಸಮಾಜದ ಕಟ್ಟಳೆ ಮೀರಿದ ಹುಚ್ಚ’ ಎಂದು ಬರೆದರೆ ಉತ್ತರ ಅಲ್ಲಿಗೇ ನಿಂತುಹೋಗುತ್ತದೆ. ಅವನು ತನ್ನ ವರ್ಗದ ಕಟ್ಟಳೆಗಳನ್ನು ಒಂದೂ ಬಿಡದೆ ಪಾಲಿಸುವವನು. ಐದನೇ ವಯಸ್ಸಿಗೆ ಅಪ್ಪ ಪುಟ್ಟ ಬಂದೂಕು ಕೊಟ್ಟ, ಹತ್ತನೇ ವಯಸ್ಸಿಗೆ ಕಾಕಸಸ್‌ನಲ್ಲಿ ಮೊದಲ ಕರಡಿ ಹೊಡೆದ. ಆ ದಾರಿಯುದ್ದಕ್ಕೂ ಸಿಕ್ಕಿದ್ದು ಶಹಬ್ಬಾಸ್‌ಗಿರಿಯೇ.

ಇನ್ನು ರೇನ್ಸ್‌ಫರ್ಡ್. ಇವನ ನೀತಿ ಎಲ್ಲಿಂದ ಬಂತು? ಮೊದಲ ಪುಟಗಳಿಗೆ ಹೋಗಿ. ಹಡಗಿನ ಡೆಕ್ಕಿನ ಮೇಲೆ ಗೆಳೆಯ ವಿಟ್ನಿ, ತಾವು ಬೇಟೆಯಾಡಲಿರುವ ಜಾಗ್ವಾರ್‌ನ (ಚಿರತೆಯನ್ನು ಹೋಲುವ ಪ್ರಾಣಿ) ಪಾಡು ನೆನೆಯುತ್ತಾನೆ. ಅದಕ್ಕೂ ನೋವಿನ ಭಯ, ಸಾವಿನ ಭಯ ಗೊತ್ತು ಎನ್ನುತ್ತಾನೆ. ರೇನ್ಸ್‌ಫರ್ಡ್ ಅದನ್ನು ತಳ್ಳಿಹಾಕುತ್ತಾನೆ. ಅವನ ಲೆಕ್ಕದಲ್ಲಿ ಲೋಕದಲ್ಲಿರುವುದು ಎರಡೇ ಜಾತಿ, ಬೇಟೆಯಾಡುವವರು ಮತ್ತು ಬೇಟೆಗೆ ಸಿಗುವವರು. ಅದೃಷ್ಟಕ್ಕೆ ತಾವು ಮೊದಲನೆಯ ಜಾತಿ. ಈ ಸಂಭಾಷಣೆಗೆ ಪೆನ್ಸಿಲ್ ಗುರುತು ಹಾಕಿಡಿ; ಮುಂದೆ ಜರಾಫ್ ಹೇಳುವ ಪ್ರತಿ ಮಾತೂ ಇದರದೇ ಉದ್ದ ಮಾಡಿದ ರೂಪ.

ಹಾಗೇ ದಡಕ್ಕೆ ಬಂದ ಮರುದಿನದ ದೃಶ್ಯವನ್ನು ನಿಧಾನಕ್ಕೆ ಓದಿ. ರೇನ್ಸ್‌ಫರ್ಡ್‌ಗೆ ಒಂದು ಕಡೆ ಗಿಡಗಳು ನುಗ್ಗುನುರಿಯಾಗಿ, ಪಾಚಿ ಕಿತ್ತುಹೋಗಿ, ಒಂದಷ್ಟು ಹಸಿರಿನ ಮೇಲೆ ಕೆಂಪು ಅಂಟಿರುವುದು ಕಾಣುತ್ತದೆ. ಪಕ್ಕದಲ್ಲಿ ಮಿಣುಗುವ ಖಾಲಿ ತೋಟಾ. ಎತ್ತಿ ನೋಡಿದರೆ ಪಾಯಿಂಟ್ ಟೂಟೂ, ತೀರಾ ಸಣ್ಣ ಗುಂಡಿನ ಅಳತೆ. ಅವನು ಪಳಗಿದ ಶಿಕಾರಿಯಂತೆ ಲೆಕ್ಕ ಹಾಕುತ್ತಾನೆ: ಪ್ರಾಣಿ ದೊಡ್ಡದಿರಬೇಕು, ಇಷ್ಟು ಸಣ್ಣ ಬಂದೂಕಿನಲ್ಲಿ ಎದುರಿಸಿದವನಿಗೆ ಧೈರ್ಯ ಇರಬೇಕು, ರಾತ್ರಿ ಕೇಳಿದ ಮೊದಲ ಮೂರು ಗುಂಡು ಗಾಯ ಮಾಡಿದ್ದು, ಕೊನೆಯದು ಮುಗಿಸಿದ್ದು. ಅಡಿಕೆ ತೋಟಕ್ಕೆ ನುಗ್ಗಿದ ಹಂದಿಯ ಜಾಡು ಹಿಡಿದು ಹೋಗುವವರು ಮುರಿದ ಕೆಸವಿನ ಎಲೆ, ಕೆದರಿದ ಮಣ್ಣು ನೋಡಿ ಅದರ ಗಾತ್ರ ಹೇಳುವುದೂ ಹೀಗೆಯೇ. ಇವನ ಲೆಕ್ಕ ಎಲ್ಲ ಸರಿ. ಆ ‘ಪ್ರಾಣಿ’ ಮನುಷ್ಯನಿರಬಹುದು ಎಂಬುದೊಂದು ಹೊಳೆಯುವುದಿಲ್ಲ. ಹಿಂದಿನ ರಾತ್ರಿ ನೀರಿನಲ್ಲಿದ್ದಾಗ ಕೇಳಿದ ಚೀತ್ಕಾರ ಯಾವ ಪ್ರಾಣಿಯದೆಂದು ಅವನಿಗೆ ತಿಳಿಯಲಿಲ್ಲ, ತಿಳಿಯುವ ಪ್ರಯತ್ನವನ್ನೂ ಮಾಡಲಿಲ್ಲ ಎಂದು ಲೇಖಕ ಹೇಳಿಬಿಟ್ಟಿದ್ದಾನೆ. ಕಣ್ಣು ಚುರುಕಾಗಿದ್ದೂ ಕಾಣದಂತೆ ಮಾಡುವುದು ರೂಢಿ. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಅನುಸರಣೆಗೆ, ಅಂದರೆ ಸುತ್ತಲಿನವರು ನಡೆದಂತೆ ನಡೆಯುವುದಕ್ಕೆ, ಇದಕ್ಕಿಂತ ಗಟ್ಟಿ ಪುರಾವೆ ಇಲ್ಲ. ಆದರೂ ಹೆಚ್ಚಿನವರು ಇದನ್ನು ಸಸ್ಪೆನ್ಸ್ ಎಂದು ದಾಟಿಬಿಡುತ್ತಾರೆ.

ಜರಾಫ್ ತನ್ನ ಕೆಲಸ ಹೇಳಿದಾಗ ರೇನ್ಸ್‌ಫರ್ಡ್ ಅದನ್ನು ಬೇಟೆ ಎನ್ನಲು ಒಪ್ಪುವುದಿಲ್ಲ, ಕೊಲೆ ಎನ್ನುತ್ತಾನೆ. ಇದಕ್ಕೆ ಪೂರ್ತಿ ಅಂಕ ಕೊಡಬೇಕು. ಊಟ ಹಾಕಿದವನ ಎದುರು ಪ್ರಾಣಭಯದಲ್ಲೂ ಆಡಿದ ಮಾತು. ಆದರೆ ಜರಾಫ್‌ನ ಮರುಪ್ರಶ್ನೆಯನ್ನೂ ಬಿಡಬೇಡಿ. ಯುದ್ಧ ನೋಡಿ ಬಂದವನಿಗೆ ಮನುಷ್ಯನ ಜೀವದ ಬಗ್ಗೆ ಇನ್ನೂ ಇಂಥ ಕೋಮಲ ಭಾವನೆಯೇ ಎಂದು ಅವನ ಆಶ್ಚರ್ಯ. ರೇನ್ಸ್‌ಫರ್ಡ್ ಫ್ರಾನ್ಸಿನ ಕಂದಕಗಳಲ್ಲಿ ಹೋರಾಡಿದವನು. ಮೊದಲ ಮಹಾಯುದ್ಧ ಮುಗಿದದ್ದು 1918ರಲ್ಲಿ, ಕಥೆ ಬಂದದ್ದು ಆರು ವರ್ಷಕ್ಕೆ. ದೇಶ ಆಜ್ಞೆ ಕೊಟ್ಟರೆ ಕೊಲ್ಲುವುದು ಶೌರ್ಯ, ಆಜ್ಞೆಯಿಲ್ಲದೆ ಕೊಂದರೆ ಕೊಲೆ. ಹಾಗಾದರೆ ಗೆರೆ ಎಳೆಯುವವರು ಯಾರು?

ಇಲ್ಲಿ ನಮ್ಮ ತಾಳಮದ್ದಳೆಯ ‘ವಾಲಿವಧೆ’ ತುಂಬ ಉಪಯೋಗಕ್ಕೆ ಬರುತ್ತದೆ. ಬಾಣ ತಗುಲಿ ಬಿದ್ದ ವಾಲಿ ಮರೆಯಲ್ಲಿ ನಿಂತು ಹೊಡೆದದ್ದು ಧರ್ಮವೇ ಎಂದು ಕೇಳುತ್ತಾನೆ. ವಾಲ್ಮೀಕಿ ರಾಮಾಯಣದಲ್ಲಿ ರಾಮ ಕೊಡುವ ಉತ್ತರಗಳಲ್ಲಿ ಎರಡು ಇವು: ತಮ್ಮನ ಹೆಂಡತಿಯನ್ನು ಇಟ್ಟುಕೊಂಡ ನೀನು ದಂಡನೆಗೆ ಅರ್ಹ, ಮತ್ತು ನೀನು ಶಾಖಾಮೃಗ, ಮೃಗವನ್ನು ಅರಸರು ಬಲೆ ಹಾಕಿ, ಮರೆಯಲ್ಲಿ ನಿಂತು ಬೇಟೆಯಾಡುವುದರಲ್ಲಿ ದೋಷವಿಲ್ಲ. ಪಾತ್ರಗಳ ಮಾತನ್ನು ಆಡುವ ಅರ್ಥಧಾರಿಗಳ ಕಸುಬು ಬೆಳಗುವುದು ಈ ಎರಡರ ನಡುವಿನ ಬಿರುಕಿನಲ್ಲಿ. ಅವರ ವಾಲಿ ಕೇಳುತ್ತಾನೆ: ನಾನು ಮೃಗವಾದರೆ ಪರಸ್ತ್ರೀಯ ಧರ್ಮ ನನಗೇಕೆ? ಧರ್ಮ ನನಗೂ ಇದ್ದರೆ ಮರೆಯಿಂದ ಹೊಡೆದದ್ದೇಕೆ? ಜರಾಫ್‌ನದೂ ಇದೇ ಬಿರುಕು. ನಾವಿಕರು ಯೋಚಿಸಬಲ್ಲರು, ಅದಕ್ಕೇ ಆಟ ರುಚಿ ಎನ್ನುತ್ತಾನೆ. ಅದೇ ಬಾಯಲ್ಲಿ ಒಂದು ಜಾತಿಕುದುರೆ ಇಂಥ ಇಪ್ಪತ್ತು ಮಂದಿಗಿಂತ ಬೆಲೆಬಾಳುತ್ತದೆ ಎನ್ನುತ್ತಾನೆ. ಬುದ್ಧಿಯಲ್ಲಿ ಮನುಷ್ಯ, ಬೆಲೆಯಲ್ಲಿ ಪ್ರಾಣಿ: ಎರಡು ದೋಣಿಯ ಮೇಲೆ ಕಾಲು. ಈ ಹೋಲಿಕೆ ಬರೆಯುವಾಗ ಎಚ್ಚರ ಬೇಕು. ರಾಮನನ್ನು ಜರಾಫ್‌ನ ಪಕ್ಕ ನಿಲ್ಲಿಸುವುದಲ್ಲ. ಅಲ್ಲಿ ವಾಲಿ ಮಾಡಿದ ತಪ್ಪೊಂದಿದೆ, ಸಾಯುವವನ ಪ್ರಶ್ನೆಗೆ ನಿಂತು ಉತ್ತರ ಕೊಡುವ ಹೊಣೆಗಾರಿಕೆ ಇದೆ. ದ್ವೀಪದ ನಾವಿಕರು ಯಾವ ತಪ್ಪೂ ಮಾಡಿದವರಲ್ಲ, ಅವರ ಪ್ರಶ್ನೆ ಕೇಳುವವರೂ ಇಲ್ಲ. ಹೋಲಿಸಬೇಕಾದದ್ದು ವಾದದ ಕೀಲನ್ನು ಮಾತ್ರ.

ಕಾಡಿನ ಉದಾಹರಣೆಯೂ ಇದೆ. ಬ್ರಿಟಿಷರ ಕಾಲದಲ್ಲಿ ಹುಲಿ ಹೊಡೆದವರಿಗೆ ಸರ್ಕಾರವೇ ಇನಾಮು ಕೊಡುತ್ತಿತ್ತು. ಗೋಡೆಗೆ ತೊಗಲು ನೇತುಹಾಕಿದ ಮನೆ ಮರ್ಯಾದಸ್ಥರ ಮನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದೇ ಕೆಲಸ ಅಪರಾಧ, ಮತ್ತು ದಾಂಡೇಲಿ–ಅಣಶಿಯ ಕಾಡು ಈಗ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಕೋವಿ ಅದೇ, ಹುಲಿ ಅದೇ, ಊರು ಒಪ್ಪುವುದು ಬದಲಾಯಿತು. ಇದರಿಂದ ‘ಎಲ್ಲ ನೀತಿಯೂ ಬರೀ ರೂಢಿ’ ಎಂದು ಹಾರಬೇಡಿ. ರೂಢಿ ಒಪ್ಪಿದ್ದೆಲ್ಲ ಸರಿಯಲ್ಲ ಎಂಬುದಷ್ಟೇ ಇದರಿಂದ ಸಿಗುವ ತೀರ್ಮಾನ.

ಮನಶ್ಶಾಸ್ತ್ರದ ಪದ ಬಳಸುವವರು ಎರಡನ್ನು ಬೇರೆ ಇಡಬೇಕು. ಅನುಸರಣೆ ಎಂದರೆ ಸರೀಕರು ನಡೆದಂತೆ ನಡೆಯುವುದು, ಯಾರೂ ಅಪ್ಪಣೆ ಕೊಟ್ಟಿರುವುದಿಲ್ಲ. ಆಜ್ಞಾಪಾಲನೆ ಎಂದರೆ ಮೇಲಿನವನ ಮಾತಿಗೆ ತಲೆಬಾಗುವುದು. ರೇನ್ಸ್‌ಫರ್ಡ್‌ನದು ಮೊದಲನೆಯದು, ಇವಾನ್‌ನದು ಎರಡನೆಯದು. ಇವಾನ್ ಹಿಂದೆ ರಷ್ಯದ ಝಾರ್ ಚಕ್ರವರ್ತಿಯ ಬಳಿ ಚಾಟಿಯೇಟು ಕೊಡುವ ಕೆಲಸದಲ್ಲಿದ್ದವನು. ಯಜಮಾನ ಬದಲಾದ, ಕೆಲಸ ಅದೇ. ಅವನಿಗೆ ಮಾತು ಬಾರದು, ಕಿವಿ ಕೇಳದು. ಇದನ್ನು ಆಜ್ಞಾಪಾಲನೆಯ ರೂಪಕವಾಗಿ ಓದಬಹುದು, ಆದರೆ ಕಿವುಡು-ಮೂಕತನವನ್ನೇ ಕ್ರೌರ್ಯದ ಗುರುತಾಗಿ ಬಳಸಿದ್ದು ಕಥೆಯ ದೋಷ ಎಂದೂ ಬರೆಯಿರಿ. ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಮ್ 1961ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಪ್ರಯೋಗಗಳ ಪ್ರಸಿದ್ಧ ಸುತ್ತಿನಲ್ಲಿ 40 ಮಂದಿಯಲ್ಲಿ 26 ಜನ, ಎದುರಿನವನಿಗೆ ನಿಜವಾಗಿ ವಿದ್ಯುತ್ ತಗಲುತ್ತಿದೆಯೆಂದು ನಂಬಿಯೂ, ಪ್ರಯೋಗ ನಡೆಸುವವನ ಅಪ್ಪಣೆಯಂತೆ 450 ವೋಲ್ಟಿನ ಕೊನೆಯ ಗುಂಡಿಯವರೆಗೆ ಹೋದರು. ಇವಾನ್‌ಗೆ ಜೋಡಿಸಲು ಇದು ತಕ್ಕದ್ದು. ರೇನ್ಸ್‌ಫರ್ಡ್‌ಗೆ ಬೇಕಾದದ್ದು ಸಾಲೊಮನ್ ಆಶ್ 1950ರ ದಶಕದಲ್ಲಿ ಮಾಡಿದ, ಗೆರೆಗಳ ಉದ್ದ ಹೋಲಿಸುವ ಪ್ರಯೋಗ. ಗುಂಪು ಬೇಕೆಂದೇ ತಪ್ಪು ಹೇಳಿದಾಗ ಪರೀಕ್ಷೆಗೊಳಗಾದವರ ಸುಮಾರು ಮೂರನೇ ಒಂದು ಪಾಲು ಉತ್ತರಗಳು ಗುಂಪಿನ ಕಡೆ ವಾಲಿದವು. ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿ ಹೇಳಿದರೂ ಆ ವಾಲಿಕೆ ತೀರಾ ಕುಗ್ಗಿತು. ವಿಟ್ನಿ ಕಥೆಯಲ್ಲಿ ಆ ಒಬ್ಬ. ಅವನು ಬೇಗ ಮರೆಯಾಗುತ್ತಾನೆ; ಅವನ ಮಾತು ಮರದ ಮೇಲೆ ಅಡಗಿ ಕುಳಿತ ರಾತ್ರಿ ರೇನ್ಸ್‌ಫರ್ಡ್‌ಗೆ ತಾಕುತ್ತದೆ. ಜರಾಫ್ ಬುಡದವರೆಗೂ ಬಂದು, ಕೊಂಬೆಗಳತ್ತ ಕಣ್ಣೆತ್ತಿ, ನಕ್ಕು, ಬೇಕೆಂದೇ ಬಿಟ್ಟುಹೋಗುತ್ತಾನೆ. ಬೆಕ್ಕು ಇಲಿಯನ್ನು ಆಡಿಸುವಂತೆ. ಭಯದ ಪೂರ್ತಿ ಅರ್ಥ ಅವನಿಗಾಗುವುದು ಆಗ, ಡೆಕ್ಕಿನ ಮೇಲೆ ತಾನು ಇಲ್ಲವೆಂದಿದ್ದ ಅದೇ ಭಯ.

ಕರಾವಳಿಯವರು ಮಾತ್ರ ಚೆನ್ನಾಗಿ ಬರೆಯಬಲ್ಲ ಅಂಶ ಒಂದಿದೆ: ದೀಪ. ಜರಾಫ್ ಹಾದಿಯಿಲ್ಲದ ಕಡೆ ಹಾದಿಯಿದೆ ಎಂದು ತೋರಿಸುವ ದೀಪ ಹಚ್ಚಿ, ಕತ್ತಿಯಲಗಿನಂಥ ಬಂಡೆಗಳ ಮೇಲೆ ಹಡಗು ಒಡೆಸುತ್ತಾನೆ. ಕಾರವಾರದ ಎದುರಿನ ದೇವಗಡ ದ್ವೀಪದ ದೀಪ ನೋಡಿ ದೋಣಿ ತಿರುಗಿಸುವವರು ದೀಪ ಹಚ್ಚಿದವರು ಯಾರೆಂದು ಕೇಳುವುದಿಲ್ಲ. ದೀಪ ಸುಳ್ಳು ಹೇಳುವುದಿಲ್ಲ ಎಂಬುದು ಸಮುದ್ರದ ಮೇಲಿನವರೆಲ್ಲರ ಒಪ್ಪಂದ. ಅಂದರೆ ಅನುಸರಣೆ ಎಲ್ಲ ಕಡೆ ಕೆಟ್ಟದ್ದಲ್ಲ, ಜೀವ ಉಳಿಸುವ ಅನುಸರಣೆಯೂ ಇದೆ, ಜರಾಫ್ ಬದುಕುವುದೇ ಅದನ್ನು ದೋಚಿ. ‘ಸಮಾಜಕ್ಕೆ ಹೊಂದಿಕೊಳ್ಳುವುದು ತಪ್ಪೆಂದು ಕಥೆ ಹೇಳುತ್ತದೆ’ ಎಂಬ ಸಾಮಾನ್ಯ ಉತ್ತರವನ್ನು ಈ ಒಂದು ದೀಪ ಮುರಿದುಹಾಕುತ್ತದೆ.

ಬಲೆಗಳ ಕ್ರಮ ತಪ್ಪುವವರು ಬಹಳ. ಮೊದಲು ಮಲಯದ ಮರ ಬೀಳಿಸುವ ಬಲೆ, ಜರಾಫ್‌ನ ಭುಜಕ್ಕೆ ಪೆಟ್ಟು. ಆಮೇಲೆ ಬರ್ಮಾದ ಹುಲಿ ಹೊಂಡ, ಒಂದು ನಾಯಿ ಸಾಯುತ್ತದೆ. ಕೊನೆಗೆ ಬಾಗಿಸಿದ ಎಳೆಮರಕ್ಕೆ ಕಟ್ಟಿದ ಚೂರಿ, ಉಗಾಂಡದಲ್ಲಿ ಕಲಿತದ್ದು, ಇವಾನ್ ಸಾಯುತ್ತಾನೆ.

ಕೊನೆಯ ದೃಶ್ಯದಲ್ಲಿ ತಪ್ಪು ಹೆಚ್ಚು. ರೇನ್ಸ್‌ಫರ್ಡ್ ಸಮುದ್ರಕ್ಕೆ ಹಾರಿ, ಈಜಿ ಬಂದು, ಜರಾಫ್‌ನ ಮಲಗುವ ಕೋಣೆಯಲ್ಲಿ ನಿಂತಿರುತ್ತಾನೆ. ‘ಆತ್ಮರಕ್ಷಣೆಗಾಗಿ ಕೊಂದ’ ಎಂದು ಬರೆದರೆ ಪಠ್ಯವೇ ಅಡ್ಡ ಬರುತ್ತದೆ: ಜರಾಫ್ ಸೋಲೊಪ್ಪಿ ಅಭಿನಂದಿಸಿದ ಮೇಲೂ ರೇನ್ಸ್‌ಫರ್ಡ್ ತಾನಿನ್ನೂ ಮೂಲೆಗೆ ಸಿಕ್ಕ ಮೃಗವೇ ಎನ್ನುತ್ತಾನೆ. ‘ನಾಯಿಗಳು ತಿಂದದ್ದನ್ನು ಲೇಖಕ ತೋರಿಸುತ್ತಾನೆ’ ಎಂಬುದೂ ತಪ್ಪು. ಹೊಡೆದಾಟವನ್ನೇ ತೋರಿಸಿಲ್ಲ, ಸೋತವನು ನಾಯಿಗಳಿಗೆ, ಗೆದ್ದವನಿಗೆ ಈ ಹಾಸಿಗೆ ಎಂಬ ಜರಾಫ್‌ನ ಷರತ್ತು, ಆಮೇಲೆ ರೇನ್ಸ್‌ಫರ್ಡ್‌ಗೆ ಆ ಹಾಸಿಗೆ ಎಷ್ಟು ಹಿತವಾಗಿತ್ತು ಎಂಬ ಒಂದು ವಾಕ್ಯ. ‘ರೇನ್ಸ್‌ಫರ್ಡ್ ಇನ್ನೊಬ್ಬ ಜರಾಫ್ ಆದ’ ಎಂಬುದು ನಡೆಯುವ ಓದು, ಆದರೆ ಅವನು ಮುಂದೆ ಮನುಷ್ಯರನ್ನು ಬೇಟೆಯಾಡುತ್ತಾನೆ ಎಂಬ ಸುಳಿವು ಎಲ್ಲೂ ಇಲ್ಲ. ಪಠ್ಯ ಹೊರುವಷ್ಟನ್ನು ಮಾತ್ರ ಹೀಗೆ ಹೇಳಬಹುದು: ಆಟದ ನಿಯಮ ಮಾಡಿದವನ ಕೊನೆಯ ನಿಯಮವನ್ನೂ ಅವನು ಮರುಮಾತಿಲ್ಲದೆ ಒಪ್ಪಿಕೊಂಡ.

ಇದಕ್ಕೆ ಪುರಾವೆ ಬೇಕಾದರೆ ನೆಲಮಾಳಿಗೆಗೆ ಹೋಗಿ. ಊಟದ ರಾತ್ರಿ ಜರಾಫ್ ಹೇಳಿದ್ದ, ಕೆಳಗೆ ಸುಮಾರು ಹನ್ನೆರಡು ನಾವಿಕರಿದ್ದಾರೆ, ಮುಂದಿನ ಬೇಟೆಗೆ ತಯಾರಾಗುತ್ತಿದ್ದಾರೆ ಎಂದು. ರೇನ್ಸ್‌ಫರ್ಡ್‌ಗೆ ಅದು ಗೊತ್ತು. ಜರಾಫ್ ಸತ್ತ ರಾತ್ರಿ ಅವನು ಬೀಗ ತೆಗೆದನೇ, ಬೆಳಿಗ್ಗೆ ತೆಗೆಯುತ್ತಾನೆಯೇ, ಕಥೆ ಹೇಳುವುದಿಲ್ಲ. ಈ ಅಂಶವನ್ನು ಉತ್ತರದ ತುದಿಗೆ ತುರುಕದೆ, ಹಾಸಿಗೆಯ ವಾಕ್ಯದ ಜೊತೆಗೇ ಇಟ್ಟು ಬರೆಯಿರಿ.