ಕರಪತ್ರ ಬೇರೆ, ಮಾಹಿತಿ ಹಾಳೆ ಬೇರೆ

ಮಳೆಗಾಲ ಬಂತೆಂದರೆ ಮುಂಬಯಿಯ ಕನ್ನಡ ಸಂಘಗಳಲ್ಲಿ ಇಲಿಜ್ವರದ ಕರಪತ್ರ ಹಂಚುತ್ತಾರೆ. ಮೇಲೆ ಲಾಂಛನ, ನಡುವೆ ಪದಾಧಿಕಾರಿಗಳ ಫೋಟೊ, ಕೆಳಗೆ ‘ಜಾಗ್ರತೆ ವಹಿಸಿ’. ಅದನ್ನೇ ಮಾಹಿತಿ ಹಾಳೆ ಎಂದೂ ಕರೆಯುತ್ತಾರೆ. ದಯವಿಟ್ಟು ಬೇಡ. ಬನ್ನಿ, ಸೇರಿ, ಮತ ಹಾಕಿ ಎಂದು ಕರೆ ಕೊಡುವುದು ಕರಪತ್ರ. ಮಾಹಿತಿ ಹಾಳೆಗೆ ಇರುವುದು ಒಂದು ಪ್ರಶ್ನೆಗೆ ಉತ್ತರ ಹೇಳುವ ಕೆಲಸ.

ಮರಾಠಿಯ ಮಾಹಿತಿಪತ್ರಕವನ್ನು ‘ಮಾಹಿತಿ ಪತ್ರ’ ಮಾಡುವುದೂ ಸರಿಹೋಗದು. ಮರಾಠಿಯಲ್ಲಿ ಪತ್ರ ಅಂದರೆ ಕಾಗದ, ಪತ್ರಕ ಅಂದರೆ ಹಾಳೆ ಅಥವಾ ಪಟ್ಟಿ. ರೈಲಿನ ವೇಳಾಪತ್ರಕ ಎಲ್ಲರಿಗೂ ಗೊತ್ತು. ಆ ‘ಕ’ ಬಿದ್ದರೆ ಯಾರೋ ಯಾರಿಗೋ ಬರೆದ ಕಾಗದವಾಗುತ್ತದೆ. ಪತ್ರ ಮೊದಲಿಗೆ ರೆಕ್ಕೆ, ಎಲೆ. ಎಲೆಯ ಮೇಲೆ ಬರೆದಿದ್ದರಿಂದ ಬರಹ. ಇನ್ನು ಸಂಸ್ಕೃತದ ‘ಕರಪತ್ರ’ ಗರಗಸ! ಅಮರಕೋಶದಲ್ಲಿ ಅದು ‘ಕ್ರಕಚ’ದ ಜೊತೆಗಿದೆ. ಕ್ರಕಚ ನಮ್ಮಲ್ಲಿ ಗರಗಸವಾಯಿತು, ಕರಪತ್ರ ಮರಾಠಿಯಲ್ಲಿ ಕರವತವಾಯಿತು. ಇಲ್ಲಿನ ಬಡಗಿಯನ್ನು ಕೇಳಿ, ಕರವತ ಎಂದೇ ಹೇಳುತ್ತಾನೆ. ಕೈಯಿಂದ ಕೈಗೆ ಹಂಚುವ ಹಾಳೆ ಎಂಬ ಅರ್ಥ ಅಚ್ಚಿನ ಕಾಲದ್ದು.

ಹಾಳೆ ಮಾಡುವವರು ಮೊದಲು ಪ್ರಶ್ನೆ ಬರೆದುಕೊಳ್ಳಬೇಕು. ‘ಇಲಿಜ್ವರ ಎಂದರೇನು’ ತೀರಾ ಅಗಲವಾಯಿತು. ‘ನಿಂತ ನೀರಲ್ಲಿ ನಡೆದು ಬಂದೆ, ಈಗೇನು ಮಾಡಲಿ?’ ಎಂದು ಕೇಳಿಕೊಂಡರೆ ಉತ್ತರ ತಾನಾಗಿ ಸಾಲುಗೂಡುತ್ತದೆ: ಸೋಪು ಹಾಕಿ ಕಾಲು ತೊಳೆಯಿರಿ; ಗಾಯವಿದ್ದರೆ 72 ಗಂಟೆಯೊಳಗೆ ವೈದ್ಯರನ್ನು ಕಾಣಿ; ಜ್ವರ ಬಂದರೆ ನೀರಲ್ಲಿ ನಡೆದದ್ದನ್ನು ಹೇಳಿ. ಕಾರಣವನ್ನೂ ಬರೆಯಿರಿ. ಇಲಿ, ನಾಯಿ, ದನದ ಮೂತ್ರದಲ್ಲಿರುವ ಬ್ಯಾಕ್ಟೀರಿಯಾ ಗಾಯದಿಂದ ಒಳಹೋಗುತ್ತದೆ. ಲಕ್ಷಣ ಕಾಣಲು ಸಾಮಾನ್ಯವಾಗಿ 5ರಿಂದ 14 ದಿನ ಬೇಕು, ಅಷ್ಟರಲ್ಲಿ ನೀರಿನ ನೆನಪೇ ಹೋಗಿರುತ್ತದೆ. ಗುಳಿಗೆಯ ಹೆಸರು ಹಾಕಬೇಡಿ: ಗರ್ಭಿಣಿಯರಿಗೆ, ಮಕ್ಕಳಿಗೆ ಕೊಡುವ ಮದ್ದು ಬೇರೆ. ಪಾಲಿಕೆಯ ಸಹಾಯವಾಣಿ 1916, ಪರಿಶೀಲಿಸಿದ ವೈದ್ಯರ ಹೆಸರು, ತಿಂಗಳು, ವರ್ಷ ಇರಲೇಬೇಕು. ತಾರೀಖಿಲ್ಲದ ಹಾಳೆ ಮೂರು ವರ್ಷವಾದರೂ ಕಟ್ಟಡದ ನೋಟಿಸ್ ಬೋರ್ಡಿನಿಂದ ಇಳಿಯುವುದಿಲ್ಲ.

ಅಳತೆ ಎ4, ಹೆಚ್ಚೆಂದರೆ ಎರಡು ಬದಿ, ಅಕ್ಷರ 14 ಪಾಯಿಂಟ್. ಸಾಲಿನ ಅಂತರ ಒಂದೂವರೆ ಇಡಿ. ಇಂಗ್ಲಿಷಿಗೆ ಸಾಲುವ ಅಂತರದಲ್ಲಿ ‘ರಾಷ್ಟ್ರ’ದ ಒತ್ತು ಕೆಳಸಾಲಿನ ಗುಡಿಸಿಗೆ ತಾಗುತ್ತದೆ. ಹಳೆಯ ನುಡಿ ಫಾಂಟಿನ ವರ್ಡ್ ಫೈಲು ಕೊಟ್ಟರೆ, ಕನ್ನಡ ಫಾಂಟಿಲ್ಲದ ಪ್ರೆಸ್ಸಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಯೂನಿಕೋಡಿನಲ್ಲಿ ಟೈಪ್ ಮಾಡಿ, ಫಾಂಟ್ ಸೇರಿಸಿದ ಪಿಡಿಎಫ್ ಕೊಡಿ.

ಸಾವಿರ ಪ್ರತಿಗೆ ಮೊದಲು ಐದು ತೆಗೆಸಿ, ಸಂಘಕ್ಕೆ ಬಾರದ ಐದು ಜನರಿಗೆ ಓದಲು ಕೊಡಿ. ಹಾಳೆ ವಾಪಸ್ ತೆಗೆದುಕೊಂಡು ಕೇಳಿ: ‘ಕಾಲಿಗೆ ಗಾಯ ಇದೆ, ಎಷ್ಟು ಗಂಟೆಯೊಳಗೆ ಡಾಕ್ಟರ ಹತ್ರ ಹೋಗ್ತೀರಿ?’ ಇಬ್ಬರು ತಡವರಿಸಿದರೂ ಆ ಸಾಲನ್ನು ಮೇಲಕ್ಕೆ ತಂದು, ದಪ್ಪಕ್ಷರದಲ್ಲಿ ಹಾಕಿಸಿ.