ಗಜ್ಜರಿಯನ್ನು ಅಡ್ಡ ಕೊಯ್ದು ನೋಡಿ

ಹೋದ ವರ್ಷ ಸಂಕ್ರಾಂತಿ ಮುಗಿದ ಮರುವಾರ ನಮ್ಮ ಸೋದರಮಾವ ಗಜ್ಜರಿ ಕಿತ್ತರು. ಹೊಲ ಗೋಕಾಕದ ಹತ್ತಿರ, ಘಟಪ್ರಭಾ ಕಾಲುವೆಯ ನೀರು. ಒಂದೊಂದು ಗಡ್ಡೆಯೂ ಕೈತುಂಬ ಇತ್ತು. ಚೀಲಗಳನ್ನು ಬೆಳಗಾವಿಗೆ ಒಯ್ದಾಗ ವ್ಯಾಪಾರಿ ಒಂದು ಗಡ್ಡೆ ಎತ್ತಿ ಪಟ್ಟನೆ ಮುರಿದ. ಒಳಗೆ ಬಿಳಿಚಿದ ಹಳದಿ ಬಣ್ಣದ ದಪ್ಪ ದಿಂಡು. ಅಲ್ಲಿಗೆ ದರ ಇಳಿಯಿತು.

"ತೂಕ ಬಂತು, ರೊಕ್ಕ ಬರಲಿಲ್ಲ. ಯಾವ ತಳಿ ಹಾಕಬೇಕಿತ್ತು ಹೇಳಪಾ, ನೀ ಓದಿದಾಂವ ಅದಿ" ಅಂದರು ಮಾವ.

ಯಾವ ತಳಿ ಬೆಸ್ಟ್ ಅನ್ನುವ ಪ್ರಶ್ನೆಗೆ ಹೆಸರು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ನಾನು ಹೇಳಲಿಲ್ಲ. ಇಳುವರಿ ಮತ್ತು ಗುಣಮಟ್ಟದ ಜಗಳ ನಡೆಯುವುದು ಗಜ್ಜರಿಯ ಒಳಗೆ. ನಾವೋ ಅದರ ಉದ್ದ ನೋಡುತ್ತೇವೆ, ಹೊರಗಿನ ಬಣ್ಣ ನೋಡುತ್ತೇವೆ. ಆ ವ್ಯಾಪಾರಿ ನೋಡಿದ ಹಾಗೆ ಒಳಗೆ ನೋಡುವುದಿಲ್ಲ.

ಒಂದು ಗಜ್ಜರಿಯನ್ನು ಅಡ್ಡ ಕೊಯ್ಯಿರಿ. ಎರಡು ಭಾಗ ಕಾಣುತ್ತವೆ. ನಡುವೆ ದಿಂಡು, ಸುತ್ತಲೂ ತಿರುಳು. ಎರಡರ ನಡುವೆ ಗೆರೆ ಎಳೆದಂತೆ ತೆಳುವಾದ ಒಂದು ಉಂಗುರ. ಇದರ ಹೆಸರು ಕ್ಯಾಂಬಿಯಂ. ಇಡೀ ಗಡ್ಡೆಯನ್ನು ದಪ್ಪ ಮಾಡುವುದು ಈ ಕೂದಲೆಳೆಯಂಥ ಉಂಗುರವೇ. ಗೋಡೆಯ ನೆತ್ತಿ ಮೇಲೆ ಕೂತ ಗೌಂಡಿ ಎಡಗೈಯಿಂದ ಒಳಗೆ ಒಂದು ಇಟ್ಟಿಗೆ, ಬಲಗೈಯಿಂದ ಹೊರಗೆ ಒಂದು ಇಟ್ಟಿಗೆ ಇಡುತ್ತಾ ಹೋದರೆ ಹೇಗಿರುತ್ತದೆ, ಹಾಗೆ. ಒಳಗೆ ಬಿದ್ದ ಕೋಶಗಳು ಕ್ಸೈಲಂ ಆಗುತ್ತವೆ, ಅದು ಬೇರಿನಿಂದ ಎಲೆಗೆ ನೀರು ಏರಿಸುವ ದಾರಿ. ಹೊರಗೆ ಬಿದ್ದವು ಫ್ಲೋಯಂ ಆಗುತ್ತವೆ, ಅದು ಎಲೆಯಲ್ಲಿ ತಯಾರಾದ ಸಕ್ಕರೆ ಕೆಳಗಿಳಿಯುವ ದಾರಿ. ನಮ್ಮ ಕಡೆಯ ಮಾತಿನಲ್ಲಿ ಹೇಳಬೇಕೆಂದರೆ, ಒಳಗಿನದು ಕಾಲುವೆ, ಹೊರಗಿನದು ಕಬ್ಬಿನ ಗಾಡಿ ಹೋಗುವ ರಸ್ತೆ. ರಸ್ತೆಯ ಬದಿಯಲ್ಲೇ ಗೋದಾಮು. ಸಕ್ಕರೆ ಜಾಸ್ತಿ ತುಂಬಿಕೊಳ್ಳುವುದು ಅಲ್ಲಿ. ಬಣ್ಣದ ಕ್ಯಾರೋಟಿನ್ ಕೂಡ ಸಾಮಾನ್ಯವಾಗಿ ಅಲ್ಲೇ ಹೆಚ್ಚು.

ಬೇವಿನ ಮರದ ಕಾಂಡದಲ್ಲಿಯೂ ಇಂಥದೇ ಉಂಗುರ ಕೆಲಸ ಮಾಡುತ್ತದೆ. ಅಲ್ಲಿ ಒಳಗೆ ಬಿದ್ದದ್ದು ಕಟ್ಟಿಗೆಯಾಗುತ್ತದೆ. ಗಜ್ಜರಿ ಒಂದು ಲೆಕ್ಕದಲ್ಲಿ ಕಟ್ಟಿಗೆಯಾಗುವುದನ್ನು ಮುಂದೂಡಿದ ಗಿಡ. ಅದು ಎರಡು ಹಂತದಲ್ಲಿ ಬಾಳುತ್ತದೆ. ಮೊದಲು ಗಡ್ಡೆ ಕಟ್ಟಿ ಬುತ್ತಿ ಕೂಡಿಡುತ್ತದೆ, ಆಮೇಲೆ ಆ ಬುತ್ತಿ ಉಂಡು ಹೂ ಬಿಡುತ್ತದೆ. ಹೂವಿನ ಕಡ್ಡಿ ಎದ್ದಿತೋ, ದಿಂಡು ನಾರಾಯಿತು ಎಂದೇ ಲೆಕ್ಕ. ಬೇಯಿಸಿದರೂ ಹಲ್ಲಿಗೆ ಸಿಗುತ್ತದೆ.

ಈಗ ಸ್ವಲ್ಪ ಲೆಕ್ಕ ಮಾಡೋಣ. ಗಡ್ಡೆಯ ಅಡ್ಡಳತೆ 4 ಸೆಂಟಿಮೀಟರ್, ದಿಂಡಿನ ಅಡ್ಡಳತೆ 2 ಸೆಂಟಿಮೀಟರ್ ಇದ್ದರೆ, ದಿಂಡು ಅರ್ಧ ಭಾಗ ಅನ್ನಿಸುತ್ತದೆ ಅಲ್ವಾ? ಅಲ್ಲ. ವೃತ್ತದ ವಿಸ್ತೀರ್ಣ ಅಳತೆಯ ವರ್ಗಕ್ಕೆ ತಕ್ಕಂತೆ ಏರುತ್ತದೆ. ಹಾಗಾಗಿ ಅದು ಕಾಲು ಭಾಗ ಮಾತ್ರ. ಅದೇ ದಿಂಡು 2.8 ಸೆಂಟಿಮೀಟರ್ ಆಯಿತು ಎನ್ನಿ. ಬೆರಳಿನಲ್ಲಿ ಅಳೆದರೆ ತುಸುವೇ ಹೆಚ್ಚು. ಆದರೆ ಗಡ್ಡೆಯ ಹತ್ತಿರಹತ್ತಿರ ಅರ್ಧ ಭಾಗವನ್ನು ದಿಂಡೇ ನುಂಗಿತು. ತಕ್ಕಡಿಗೆ ಇದು ಗೊತ್ತಾಗುವುದಿಲ್ಲ. ತಕ್ಕಡಿಯ ಮೇಲೆ ದಿಂಡೂ ತಿರುಳೂ ಒಂದೇ. ನಾಲಿಗೆ ಮಾತ್ರ ಕಂಡುಹಿಡಿಯುತ್ತದೆ. ನನಗೆ ಇಡೀ ಗಜ್ಜರಿಯ ವಿಷಯದಲ್ಲಿ ಇದಕ್ಕಿಂತ ಚಂದದ ಸಂಗತಿ ಇನ್ನೊಂದು ಕಂಡಿಲ್ಲ.

ಈ ಕಣ್ಣಿನಿಂದ ತಳಿಗಳನ್ನು ನೋಡಿ. ಫ್ರಾನ್ಸಿನ ಊರಿನ ಹೆಸರು ಹೊತ್ತ ನ್ಯಾಂಟಿಸ್ ತುದಿ ಮೊಂಡಾದ, ಉರುಟು ಕಡ್ಡಿಯಂಥ ಗಜ್ಜರಿ. ಅದರ ಹೆಗ್ಗಳಿಕೆಯೇ ಸಣ್ಣ ದಿಂಡು. ತಿನ್ನಲು ಸಿಹಿ, ಮೆತ್ತಗೆ. ಆದರೆ ತಂಪು ಬೇಡುತ್ತದೆ, ಹುಡಿ ಮಣ್ಣು ಬೇಡುತ್ತದೆ. ಶಾಂತನೇ ಎಂಬ ಇನ್ನೊಂದು ಫ್ರೆಂಚ್ ಬಗೆ ಗಿಡ್ಡ, ಭುಜ ಅಗಲ, ಬುಡದ ಕಡೆ ಕಿರಿದು. ಗಟ್ಟಿ ಮಣ್ಣಿನಲ್ಲಿ ನ್ಯಾಂಟಿಸ್ ಮುರುಟುವ ಕಡೆ ಇದು ನುಗ್ಗಿಕೊಂಡು ಬೆಳೆಯುತ್ತದೆ, ದಿಂಡು ಮಾತ್ರ ದೊಡ್ಡದು. ನಮ್ಮಲ್ಲಿ ಹೆಚ್ಚು ಓಡುವ ಕುರೋಡಾ ಜಪಾನಿನದು. ಸ್ವಲ್ಪ ಬಿಸಿಲು ತಾಳುತ್ತದೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು ನಮ್ಮ ದೇಸಿ ಕೆಂಪು ಗಜ್ಜರಿಯನ್ನು ನ್ಯಾಂಟಿಸ್ ಜೊತೆ ಕೂಡಿಸಿ ಪೂಸಾ ಕೇಸರ್ ಮಾಡಿದರು. ಅದನ್ನು ಮತ್ತೆ ನ್ಯಾಂಟಿಸ್ ಜೊತೆ ಕೂಡಿಸಿದಾಗ ಕಿತ್ತಳೆ ಬಣ್ಣದ ಪೂಸಾ ಮೇಘಾಲಿ ಬಂತು. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಸ್ಥೆಯ ಅರ್ಕಾ ಸೂರಜ್‌ನಲ್ಲಿ ದಿಂಡಿಗೂ ಹೊರಗಿನ ಬಣ್ಣವೇ. ಕೊಯ್ದರೆ ಒಳಗೂ ಹೊರಗೂ ಒಂದೇ ಕಿತ್ತಳೆ.

ಅರ್ಕಾ ಸೂರಜ್‌ಗೆ ಇನ್ನೊಂದು ಗುಣವಿದೆ. ಯುರೋಪಿನ ತಳಿಗಳು ಹೂ ಬಿಡಬೇಕೆಂದರೆ ವಾರಗಟ್ಟಲೆ 10 ಡಿಗ್ರಿಗಿಂತ ಕಡಿಮೆ ಚಳಿ ತಿನ್ನಬೇಕು. ಅದಕ್ಕೇ ಅವುಗಳ ಬೀಜ ಹಿಮಾಚಲದ ಕುಲ್ಲು, ಕಾಶ್ಮೀರದಂಥ ಕಡೆ ಆಗುತ್ತದೆ, ಇಲ್ಲವೇ ಹೊರದೇಶದಿಂದ ಬರುತ್ತದೆ. ದೇಸಿ ಕೆಂಪು ಬಗೆಗಳು ಬಯಲುಸೀಮೆಯಲ್ಲೇ ಹೂ ಬಿಟ್ಟು ಬೀಜ ಕೊಡುತ್ತವೆ. ಅರ್ಕಾ ಸೂರಜ್ ಯುರೋಪಿನವುಗಳ ಹಾಗೆ ಕಿತ್ತಳೆಯಾದರೂ ನಮ್ಮ ಹವೆಯಲ್ಲೇ ಬೀಜ ಕಟ್ಟುತ್ತದೆ. ಬೀಜಕ್ಕಾಗಿ ಪ್ರತಿ ವರ್ಷ ರೊಕ್ಕ ಎಣಿಸುವವರಿಗೆ ಇದು ಸಣ್ಣ ಮಾತಲ್ಲ. ಆದರೆ ಬಯಲಿನಲ್ಲಿ ಸುಲಭವಾಗಿ ಹೂ ಬಿಡುವ ಗುಣ ಎರಡು ಅಲಗಿನ ಕುಡುಗೋಲು. ಕೀಳುವುದು ತಡವಾದರೆ ಕಡ್ಡಿ ಏಳುತ್ತದೆ, ದಿಂಡು ಕಟ್ಟಿಗೆಯಾಗುತ್ತದೆ.

ಇಲ್ಲಿ ಬಣ್ಣದ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ನಮ್ಮ ಊರುಗಳಲ್ಲಿ ಕೆಂಪು ಗಜ್ಜರಿ ತಿಂದರೆ ರಕ್ತ ಹೆಚ್ಚುತ್ತದೆ ಎಂದು ನಂಬುತ್ತಾರೆ. ರಕ್ತ ಕಡಿಮೆಯಾದ ಹೆಣ್ಣುಮಕ್ಕಳಿಗೆ ಮಾತ್ರೆ ಬಿಟ್ಟು ಗಜ್ಜರಿ ತಿನ್ನಿಸಿದ ಮನೆಗಳನ್ನು ನಾನೇ ನೋಡಿದ್ದೇನೆ. ಸಂಕಟವಾಗುತ್ತದೆ. ರಕ್ತಕ್ಕೆ ಬೇಕಾದ ಕಬ್ಬಿಣ 100 ಗ್ರಾಂ ಗಜ್ಜರಿಯಲ್ಲಿ 1 ಮಿಲಿಗ್ರಾಂ ಕೂಡ ಇಲ್ಲ. ಆ ಕೆಂಪು ಬಂದಿದ್ದು ಲೈಕೋಪಿನ್‌ನಿಂದ. ಟೊಮ್ಯಾಟೊವನ್ನು ಕೆಂಪು ಮಾಡುವುದೂ ಅದೇ.

ಲೈಕೋಪಿನ್ ಒಂದು ಉದ್ದನೆಯ ಸರಪಳಿ. ಗಿಡ ಅದರ ಎರಡೂ ತುದಿಯನ್ನು ಮಡಚಿ ಕೊಂಡಿ ಹಾಕಿದರೆ ಬೀಟಾ ಕ್ಯಾರೋಟಿನ್ ಆಗುತ್ತದೆ, ಬಣ್ಣ ಕಿತ್ತಳೆಗೆ ತಿರುಗುತ್ತದೆ. ಕೆಂಪು ಗಜ್ಜರಿಯಲ್ಲಿ ಈ ಕೊಂಡಿ ಹಾಕುವ ಕೆಲಸ ಬಹಳಷ್ಟು ಅರ್ಧಕ್ಕೇ ನಿಂತಿರುತ್ತದೆ. ನಮ್ಮ ಹೊಟ್ಟೆ ಬೀಟಾ ಕ್ಯಾರೋಟಿನ್ ಸರಪಳಿಯನ್ನು ನಟ್ಟನಡುವೆ ತುಂಡರಿಸಿ ಎರಡು ಎ ವಿಟಮಿನ್ ಮಾಡಿಕೊಳ್ಳುತ್ತದೆ. ಪ್ರತಿ ತುಂಡಿಗೂ ಒಂದು ಕೊಂಡಿ ಬೇಕು. ಕೊಂಡಿ ಇಲ್ಲದ ಲೈಕೋಪಿನ್‌ನಿಂದ ಎ ವಿಟಮಿನ್ ಹುಟ್ಟುವುದಿಲ್ಲ. ಕೆಂಪು ಗಜ್ಜರಿಯಲ್ಲೂ ಬೀಟಾ ಕ್ಯಾರೋಟಿನ್ ಇದೆ, ಅದನ್ನು ತಿನ್ನಬೇಡಿ ಎನ್ನುತ್ತಿಲ್ಲ. ಕೆಂಪು ಗಾಢವಾದಷ್ಟೂ ಕಣ್ಣಿಗೆ ಒಳ್ಳೆಯದು ಎಂಬ ಲೆಕ್ಕ ಮಾತ್ರ ತಪ್ಪು. ಇನ್ನು ಗಜ್ಜರಿ ತಿಂದು ಚಸ್ಮಾ ತೆಗೆದವರು ಯಾರೂ ಇಲ್ಲ. ಎ ವಿಟಮಿನ್ ಕೊರತೆಯಿಂದ ಬಂದ ಇರುಳುಗಣ್ಣಿಗೆ ಅದು ನೆರವಾಗುತ್ತದೆ, ದೂರದ್ದು ಮಂಜಾಗಿ ಕಾಣುವುದಕ್ಕೆ ಅಲ್ಲ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ತನ್ನ ಪೈಲಟ್‌ಗಳು ಗಜ್ಜರಿ ತಿಂದು ಕತ್ತಲಲ್ಲಿ ವೈರಿ ವಿಮಾನ ಕಾಣುತ್ತಾರೆ ಎಂದು ಸುದ್ದಿ ಹಬ್ಬಿಸಿತು. ವಿಮಾನದಲ್ಲಿ ಇದ್ದದ್ದು ರಾಡಾರ್. ಆ ಸುದ್ದಿ ಇವತ್ತಿಗೂ ನಮ್ಮ ಅಡುಗೆಮನೆಗಳಲ್ಲಿ ಓಡಾಡುತ್ತಿದೆ!

ಕ್ಯಾರೋಟಿನ್ ಎಂಬ ಹೆಸರು ಹುಟ್ಟಿದ್ದೂ ಗಜ್ಜರಿಯಿಂದಲೇ. 1831ರಲ್ಲಿ ಜರ್ಮನಿಯ ವಾಕೆನ್‌ರೋಡರ್ ಗಜ್ಜರಿಯಿಂದ ಆ ಬಣ್ಣವನ್ನು ಬೇರ್ಪಡಿಸಿದ. ಮಧ್ಯ ಏಷ್ಯಾದಲ್ಲಿ, ಈಗಿನ ಅಫ್ಗಾನಿಸ್ತಾನ ಇರಾನ್ ಆಸುಪಾಸಿನಲ್ಲಿ ಜನ ಮೊದಲು ಬೆಳೆದ ಗಜ್ಜರಿ ನೇರಳೆ ಮತ್ತು ಹಳದಿ. ಕಿತ್ತಳೆ ಬಣ್ಣ ಬಹಳ ತಡವಾಗಿ, ಯುರೋಪಿನಲ್ಲಿ ಆರಿಸಿ ಆರಿಸಿ ಬಂದದ್ದು. ಡಚ್ಚರು 'ಆರೆಂಜ್' ಎಂಬ ಹೆಸರಿನ ತಮ್ಮ ರಾಜಮನೆತನದ ಗೌರವಕ್ಕಾಗಿ ಅದನ್ನು ಮಾಡಿದರು ಎಂಬ ಕಥೆ ಎಲ್ಲೆಡೆ ಇದೆ, ಅದಕ್ಕೆ ಆಧಾರವಿಲ್ಲ. ಗಜ್ಜರಿ ಕೊತ್ತಂಬರಿ, ಜೀರಿಗೆ, ಅಜವಾನ, ಸಬ್ಬಸಿಗೆಯ ಕುಟುಂಬದ್ದು. ಎಲೆ ಉಜ್ಜಿ ಮೂಸಿದರೆ ನಿಮಗೇ ತಿಳಿಯುತ್ತದೆ.

ಮತ್ತೆ ಹೊಲಕ್ಕೆ ಬರೋಣ. ಬಣ್ಣ ಚೆನ್ನಾಗಿ ಕೂಡುವುದು 15ರಿಂದ 20 ಡಿಗ್ರಿ ತಾಪಮಾನದಲ್ಲಿ. ಬಿಸಿಲು ಏರಿದರೆ ಗಡ್ಡೆ ಗಿಡ್ಡವಾಗಿ ಬಿಳಿಚುತ್ತದೆ, ರುಚಿ ಒಗರಾಗುತ್ತದೆ. ಹಾಗಾಗಿ ವಿಜಯಪುರ, ಬಾಗಲಕೋಟೆ ಕಡೆ ಹಿಂಗಾರಿಯೇ ಇದರ ಹಂಗಾಮು. ಒಂದೇ ತಳಿಯನ್ನು ಅಕ್ಟೋಬರ್‌ನಲ್ಲಿ ಬಿತ್ತಿದವನು ಹೊಗಳುತ್ತಾನೆ, ಜನವರಿಯಲ್ಲಿ ಬಿತ್ತಿದವನು ಬೈಯುತ್ತಾನೆ. ಇಬ್ಬರ ಮಾತೂ ನಿಜ.

ನೀರಾವರಿಯ ವಿಷಯ ಇನ್ನೂ ಸೂಕ್ಷ್ಮ. ಕಾಲುವೆ ನೀರು ಪಾಳಿಯ ಪ್ರಕಾರ ಬರುತ್ತದೆ. ಹತ್ತು ದಿನ ಒಣಗಿದ ಗಡ್ಡೆಯ ಸಿಪ್ಪೆ ಬಿರುಸಾಗುತ್ತದೆ. ಆಮೇಲೆ ಒಮ್ಮೆಲೇ ಮಡಿ ತುಂಬ ನೀರು ಬಿಟ್ಟರೆ ಒಳಗಿನ ಕೋಶಗಳು ಉಬ್ಬುತ್ತವೆ. ಹೊರಗಿನ ಸಿಪ್ಪೆ ಹಿಗ್ಗುವುದಿಲ್ಲ. ಹೋದ ವರ್ಷದ ಅಂಗಿ ತೊಟ್ಟ ಬೆಳೆಯುವ ಹುಡುಗನಂತೆ ಗುಂಡಿ ಹರಿಯುತ್ತದೆ, ಅಂದರೆ ಗಡ್ಡೆ ಉದ್ದಕ್ಕೆ ಸೀಳುತ್ತದೆ. ಒಟ್ಟು ತೂಕದಲ್ಲಿ ಈ ಸೀಳಿದವೂ ಸೇರುತ್ತವೆ, ಮಾರುವ ತೂಕದಲ್ಲಿ ಸೇರುವುದಿಲ್ಲ. ತಳಿ ಹೋಲಿಸುವವರು ಮೊದಲು ಈ ಎರಡು ತೂಕವನ್ನು ಬೇರೆ ಬೇರೆ ಬರೆದಿಡಬೇಕು. ಕವಲೊಡೆದ ಗಡ್ಡೆ ಕೂಡ ಹಾಗೆಯೇ. ತಾಯಿಬೇರಿನ ತುದಿ ಮೊದಲ ಕೆಲವು ವಾರದಲ್ಲಿ ಹೆಂಟೆಗೋ ಹಸಿ ತಿಪ್ಪೆಗೊಬ್ಬರಕ್ಕೋ ತಗುಲಿ ಕೆಟ್ಟರೆ ಬೇರು ಎರಡು ಕಾಲಾಗುತ್ತದೆ. ಅದಕ್ಕೆ ಬೀಜದ ಅಂಗಡಿಯವನನ್ನು ಬೈದು ಫಲವಿಲ್ಲ.

ಉಪ್ಪಿನ ಮಾತು ಬೇರೆಯೇ. ನೀರು ಜಾಸ್ತಿಯಾಗಿ ಸವಳು ಹತ್ತಿದ ಜಮೀನು ಘಟಪ್ರಭಾ, ಮಲಪ್ರಭಾ, ಕೃಷ್ಣಾ ಮೂರೂ ನದಿಗಳ ಅಚ್ಚುಕಟ್ಟಿನಲ್ಲಿ ಇದೆ. ತರಕಾರಿಗಳಲ್ಲಿ ಸವಳಿಗೆ ಬೇಗ ಸೋಲುವವುಗಳ ಸಾಲಿನಲ್ಲಿ ಗಜ್ಜರಿ ಮುಂದೆ ನಿಲ್ಲುತ್ತದೆ. ಮಣ್ಣಿನ ಪರೀಕ್ಷೆಯಲ್ಲಿ ಲವಣಾಂಶವನ್ನು ಡೆಸಿಸೀಮನ್ಸ್ ಲೆಕ್ಕದಲ್ಲಿ ಕೊಡುತ್ತಾರೆ. ನೆನೆಸಿದ ಮಣ್ಣಿನ ರಸದಲ್ಲಿ ಅದು 1 ದಾಟಿದರೆ, ಮುಂದಿನ ಪ್ರತಿ ಒಂದಕ್ಕೆ ಗಜ್ಜರಿ ಇಳುವರಿ ಸುಮಾರು ಶೇಕಡಾ 14ರಷ್ಟು ಬೀಳುತ್ತದೆ. ಇಂಥ ಎರಿ ಹೊಲದಲ್ಲಿ ನ್ಯಾಂಟಿಸ್ ಸೋತಿತು, ಅದು ಕೆಟ್ಟ ತಳಿ ಎಂದರೆ ಹೇಗೆ? ಪಕ್ಕದ ಮಸಾರಿ ಹೊಲದಲ್ಲಿ ಅದೇ ಗೆದ್ದಿರಬಹುದು.

ಹಾಗಾದರೆ ಹೋಲಿಸುವುದು ಹೇಗೆ? ಈ ತೊಡಕನ್ನು ಬಿಡಿಸಿದವನು ರೊನಾಲ್ಡ್ ಫಿಶರ್. 1919ರಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ ಸೇರಿದ ಗಣಿತಜ್ಞ. ಅವನು ಹೇಳಿದ್ದು ಸರಳ. ಹೊಲ ಎಲ್ಲೂ ಒಂದೇ ಸಮ ಇರುವುದಿಲ್ಲ. ಕಾಲುವೆ ಬಾಯಿಯ ಮಡಿಗೆ ನೀರು ಹೆಚ್ಚು, ಕೊನೆಯ ಮಡಿಗೆ ಕಡಿಮೆ. ಒಂದು ತಳಿಯನ್ನು ಮೇಲೆ, ಇನ್ನೊಂದನ್ನು ಕೆಳಗೆ ಬಿತ್ತಿದರೆ ನೀವು ಹೋಲಿಸಿದ್ದು ನೀರನ್ನು, ತಳಿಯನ್ನಲ್ಲ. ಮೇಲೆ, ನಡುವೆ, ಕೆಳಗೆ ಎಂದು ಹೊಲವನ್ನು ಪಟ್ಟಿ ಮಾಡಿ, ಪ್ರತಿ ಪಟ್ಟಿಯಲ್ಲೂ ಎಲ್ಲ ತಳಿ ಹಾಕಿ. ಯಾವುದು ಯಾವ ಮಡಿಗೆ ಎಂದು ಚೀಟಿ ಎತ್ತಿ ತೀರ್ಮಾನಿಸಿ. ಆಗ ಹೊಲದ ಪಕ್ಷಪಾತವೂ ನಿಮ್ಮ ಪಕ್ಷಪಾತವೂ ಹಿಂದೆ ಸರಿಯುತ್ತವೆ. ಅರಭಾವಿಯ ತೋಟಗಾರಿಕೆ ಕಾಲೇಜಿಗೋ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯಕ್ಕೋ ಹೋದರೆ ಪ್ರಯೋಗದ ತಾಕುಗಳಲ್ಲಿ ಸಣ್ಣ ಬೋರ್ಡುಗಳು ನೆಟ್ಟಿರುತ್ತವೆ. ಅವುಗಳ ಹಿಂದೆ ಇರುವುದು ಇದೇ ಚೀಟಿ.

ಸಿಹಿ ಅಳೆಯಲು ಹೊಸ ಯಂತ್ರ ಬೇಕಿಲ್ಲ. ತಿಕೋಟಾದ ದ್ರಾಕ್ಷಿ ಬೆಳೆಗಾರರ ಕಿಸೆಯಲ್ಲಿ ಬ್ರಿಕ್ಸ್ ಮೀಟರ್ ಇರುತ್ತದೆ. ಗಜ್ಜರಿ ತುರಿದು, ಬಟ್ಟೆಯಲ್ಲಿ ಹಿಂಡಿ, ಒಂದು ಹನಿ ಗಾಜಿನ ಮೇಲೆ ಬಿಟ್ಟರೆ ಅದೂ ಅಂಕಿ ತೋರಿಸುತ್ತದೆ.

ಮಾವನಿಗೆ ಇದನ್ನೆಲ್ಲ ಹೇಳಿದೆ. "ಮೂರು ತಳಿ, ಮೂರು ಪಟ್ಟಿ, ಒಂಬತ್ತು ಮಡಿ. ಬರೋಬ್ಬರಿ ಆತಲ್ಲ?" ಅಂದರು. "ಆತ್ರಿ ಮಾವ, ನೀರು ಮಾತ್ರ ಎಲ್ಲ ಮಡಿಗೂ ಒಂದೇ ದಿನ ಬಿಡ್ರಿ" ಅಂದೆ. ಅಕ್ಟೋಬರ್ ನಡುವೆ ಬಿತ್ತಿದ್ದೇವೆ. ಬೀಜ ಬಲು ಸಣ್ಣದು, ಮರಳು ಬೆರೆಸಿ ಉದುರಿಸಿದೆವು. ಚೀಟಿ ಎತ್ತಿದ್ದು ನನ್ನ ಮಗಳು. ಬದುವಿನ ಕಲ್ಲುಗಳ ಮೇಲೆ ಸುಣ್ಣದಲ್ಲಿ ಒಂದರಿಂದ ಒಂಬತ್ತರವರೆಗೆ ಬರೆದವಳೂ ಅವಳೇ. ಯಾವ ಕಲ್ಲಿನ ಹಿಂದೆ ಯಾವ ತಳಿ ಎಂಬ ಚೀಟಿ ಅತ್ತೆಯ ಹತ್ತಿರ ಮಡಚಿ ಇದೆ, ಮಾವನಿಗೆ ತೋರಿಸಿಲ್ಲ. ಭೋಗಿಯ ಹೊತ್ತಿಗೆ ತೊಂಬತ್ತು ದಿನ ತುಂಬುತ್ತದೆ. ಸಜ್ಜಿ ರೊಟ್ಟಿ, ಶೇಂಗಾ ಹಿಂಡಿಯ ಜೊತೆ ಒಂಬತ್ತೂ ಮಡಿಯ ಗಜ್ಜರಿಯನ್ನು ಅಡ್ಡ ಕೊಯ್ದು ತಟ್ಟೆಯಲ್ಲಿ ಇಡುತ್ತೇನೆ ಎಂದಿದ್ದಾರೆ ಅತ್ತೆ. ಮಾವ ಈಗಲೇ ಒಂದು ಸ್ಕೇಲು ಕೊಂಡು ತಂದಿದ್ದಾರೆ.